ಆಟಕ್ಕುಂಟು, ಲೆಕ್ಕಕ್ಕೂ ಉಂಟು

ಮುಂಬಯಿಯಲ್ಲಿ ಡಿಸೆಂಬರಿನ ಎರಡನೆಯ ವಾರ ದಾಟಿತೆಂದರೆ ನನ್ನಂಥವನಿಗೂ ಕನಿಷ್ಠ ಮೂರು ಕಡೆಯಿಂದ ಕ್ರಿಸ್‌ಮಸ್ ಪಾರ್ಟಿಗೆ ಕರೆ ಬರುತ್ತದೆ. ಒಂದು ಆಫೀಸಿನದು. ಇನ್ನೊಂದು ಸೊಸೈಟಿಯದು. (ಇಲ್ಲಿ ಸೊಸೈಟಿ ಅಂದರೆ ನಾವಿರುವ ಕಟ್ಟಡ ಮತ್ತು ಅದರ ನಿವಾಸಿಗಳ ಸಂಘ, ಊರಿನವರು ಹಾಲಿನ ಸೊಸೈಟಿ ಅಂತ ತಿಳಿಯಬಾರದು.) ಮೂರನೆಯದು ಮಂಗಳೂರು ಕಡೆಯ ಕ್ರೈಸ್ತ ಗೆಳೆಯರ ಮನೆಯದು. ಮಲಾಡಿನ ಓರ್ಲೆಮ್, ಬಾಂದ್ರಾ, ಕುರ್ಲಾ ಕಡೆ ಇವರ ಮನೆಗಳು ಬಹಳ. ಮನೆಯಲ್ಲಿ ಕೊಂಕಣಿ, ಅದನ್ನು ಬರೆಯುವುದು ಕನ್ನಡ ಲಿಪಿಯಲ್ಲಿ, ನನ್ನಂಥವನು ಹೋದರೆ ಮಾತು ಕನ್ನಡದಲ್ಲಿ. ಊರು ಬಿಟ್ಟು ಬಂದವನಿಗೆ ಇಂಥ ಮನೆ ಅರ್ಧ ತವರಿದ್ದ ಹಾಗೆ.

ಈ ಹಬ್ಬದ ಕೇಕು, ವೈನು, ಗೋದಲಿ, ಕ್ಯಾರೊಲ್ ಹಾಡುಗಳ ಬಗ್ಗೆ ಪತ್ರಿಕೆಗಳಲ್ಲಿ ಪ್ರತಿವರ್ಷ ಬೇಕಾದಷ್ಟು ಬರುತ್ತದೆ. ಪಾರ್ಟಿಯಲ್ಲಿ ಆಡಿಸುವ ಆಟಗಳ ಬಗ್ಗೆ ಮಾತ್ರ ‘ಹತ್ತು ಮೋಜಿನ ಆಟಗಳು’ ಎಂಬಂಥ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ನಾಟಕಕ್ಕೆ ವಿಮರ್ಶೆ ಇದೆ, ಸಿನಿಮಾಕ್ಕೆ ಇದೆ, ಈಗ ಹೋಟೆಲಿನ ದೋಸೆಗೂ ಇದೆ. ಮೂವತ್ತು ನಲವತ್ತು ಜನರನ್ನು ಎರಡು ಗಂಟೆ ಹೊತ್ತು ಒಂದು ನಿಯಮಕ್ಕೆ ಕಟ್ಟಿಹಾಕಿ ನಗಿಸುವ, ಕೆಲವರನ್ನು ಪೆಚ್ಚಾಗಿಸುವ ಈ ಆಟಗಳಿಗೂ ಒಂದು ಇರಲಿ ಅಂತ ಈ ಬರಹ.

ವಿಮರ್ಶೆ ಎಂದ ಮೇಲೆ ಒಂದು ಅಳತೆಗೋಲು ಬೇಕಷ್ಟೆ. ನನ್ನದು ಊರಿನ ಅಂಗಳದಲ್ಲಿ ಸಿಕ್ಕಿದ್ದು. ಕಣ್ಣಾಮುಚ್ಚಾಲೆ, ಮುಟ್ಟಾಟ ಆಡುವಾಗ ತೀರಾ ಚಿಕ್ಕ ಮಕ್ಕಳು ಅತ್ತು ಕರೆದು ಸೇರಿಕೊಂಡರೆ ದೊಡ್ಡವರು ಒಂದು ಉಪಾಯ ಮಾಡುತ್ತಿದ್ದರು: ‘ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.’ ಮಗು ಓಡುತ್ತದೆ, ಕೂಗುತ್ತದೆ, ಬೀಳುತ್ತದೆ. ಅದನ್ನು ಹಿಡಿದರೂ ಔಟಲ್ಲ, ಅದು ಹಿಡಿದರೂ ಔಟಲ್ಲ. ಮಗುವಿನ ಮಟ್ಟಿಗೆ ಇದು ದಯೆಯೇ. ದೊಡ್ಡವರಾದ ಮೇಲೆ ಈ ಸ್ಥಾನ ಸಿಕ್ಕರೆ ಹೇಗಿರುತ್ತದೆ ಅನ್ನುವುದು ಹೊರನಾಡಿಗೆ ಬಂದವರಿಗೆ ಚೆನ್ನಾಗಿ ಗೊತ್ತು. ಎಲ್ಲ ಕಡೆ ಕರೆಯುತ್ತಾರೆ, ಕೂರಿಸುತ್ತಾರೆ, ತಟ್ಟೆ ಕೊಡುತ್ತಾರೆ. ಎಲ್ಲರೂ ನಕ್ಕಾಗ ನಾವೂ ನಗುತ್ತೇವೆ, ಒಂದು ಕ್ಷಣ ತಡವಾಗಿ. ಆದ್ದರಿಂದ ಪಾರ್ಟಿಯ ಯಾವ ಆಟವನ್ನು ನೋಡಿದರೂ ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಔಟಾದವರು ಆಮೇಲೆ ಏನು ಮಾಡುತ್ತಾರೆ? ಭಾಷೆ ಬಾರದವರು, ಹೊಸಬರು ಇದರಲ್ಲಿ ಲೆಕ್ಕಕ್ಕೆ ಬರುತ್ತಾರೋ ಇಲ್ಲವೋ?

ಈ ಪ್ರಶ್ನೆಗಳನ್ನು ಕೇಳಿದವರಲ್ಲಿ ನಾನು ಮೊದಲಿಗನೇನಲ್ಲ. ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಪ್ರಕಟಿಸಿದ ‘ಎ ಕ್ರಿಸ್‌ಮಸ್ ಕ್ಯಾರಲ್’ ಕಥೆಯನ್ನು ಜಿಪುಣ ಸ್ಕ್ರೂಜ್ ಹೇಗೆ ಒಳ್ಳೆಯವನಾದ ಎಂಬ ನೀತಿಕತೆಯಾಗಿ ನಾವು ಶಾಲೆಯಲ್ಲಿ ಓದಿದ್ದೇವೆ. ಅದರ ಮೂರನೆಯ ಭಾಗದಲ್ಲಿ ಒಂದು ಪಾರ್ಟಿ ಇದೆ, ಅದನ್ನು ಗಮನಿಸಿದವರು ಕಡಿಮೆ. ಸ್ಕ್ರೂಜನ ಸೋದರಳಿಯ ಫ್ರೆಡ್‌ನ ಮನೆ. ಇಪ್ಪತ್ತರ ಆಸುಪಾಸು ಜನ, ಸಣ್ಣವರು ದೊಡ್ಡವರು ಎಲ್ಲರೂ ಆಡುತ್ತಿದ್ದಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಹಿಡಿಯುವ ಆಟ, ಸೋತವರಿಗೆ ದಂಡ ಹಾಕುವ ಆಟ, ಪ್ರಶ್ನೆ ಕೇಳಿ ವಸ್ತುವನ್ನು ಊಹಿಸುವ ಆಟ. ದೆವ್ವದ ಜೊತೆ ಬಂದ ಸ್ಕ್ರೂಜ್ ಅಲ್ಲೇ ನಿಂತಿದ್ದಾನೆ, ಯಾರ ಕಣ್ಣಿಗೂ ಕಾಣುವುದಿಲ್ಲ. ಆಟದ ರಭಸದಲ್ಲಿ ಅದನ್ನೂ ಮರೆತು ಉತ್ತರವನ್ನು ಜೋರಾಗಿ ಕೂಗುತ್ತಾನೆ. ಎಷ್ಟೋ ಸಲ ಅವನ ಉತ್ತರ ಸರಿಯೇ ಇರುತ್ತದೆ. ಆದರೆ ಅವನ ದನಿ ಯಾರಿಗೂ ಕೇಳಿಸುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಇರೋಣ ಅಂತ ಆ ಮುದುಕ ಹುಡುಗನ ಹಾಗೆ ದೆವ್ವವನ್ನು ಬೇಡಿಕೊಳ್ಳುತ್ತಾನೆ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬ ಸ್ಥಿತಿಯ ಇಷ್ಟು ನಿಚ್ಚಳವಾದ ಚಿತ್ರವನ್ನು ನಾನು ಬೇರೆ ಕಡೆ ಓದಿಲ್ಲ. ಮುಂದಿನ ಆಟ ‘ಹೌದು–ಅಲ್ಲ’. ಫ್ರೆಡ್ ಮನಸ್ಸಿನಲ್ಲಿ ಒಂದನ್ನು ನೆನೆದಿದ್ದಾನೆ. ಅದು ಪ್ರಾಣಿ, ಗುರುಗುಟ್ಟುತ್ತದೆ, ಲಂಡನ್ನಿನಲ್ಲಿದೆ, ಬೀದಿಯಲ್ಲಿ ಓಡಾಡುತ್ತದೆ. ಉತ್ತರ: ನಮ್ಮ ಸ್ಕ್ರೂಜ್ ಮಾವ! ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಪಾರ್ಟಿಗೆ ಬಾರದವನನ್ನೇ ಆಟದ ವಸ್ತು ಮಾಡುವುದು ಇವತ್ತಿಗೂ ನಡೆಯುತ್ತದೆ, ಆಫೀಸುಗಳಲ್ಲಂತೂ ಧಾರಾಳವಾಗಿ. ಫ್ರೆಡ್ ಒಳ್ಳೆಯವನು, ಕೂಡಲೇ ಮಾವನ ಆರೋಗ್ಯಕ್ಕೆಂದು ಗ್ಲಾಸು ಎತ್ತುತ್ತಾನೆ. ಎಲ್ಲ ಕಡೆ ಫ್ರೆಡ್‌ಗಳು ಇರುವುದಿಲ್ಲ. ಕೊನೆಯ ಭಾಗದಲ್ಲಿ ಸ್ಕ್ರೂಜ್ ನಿಜವಾಗಿ ಆ ಮನೆಯ ಬಾಗಿಲಿಗೆ ಹೋಗಿ ಒಳಗೆ ಬರಲೇ ಎಂದು ಕೇಳುತ್ತಾನೆ. ಅವತ್ತಿನ ಪಾರ್ಟಿ, ಆಟ ಎಲ್ಲ ಸೊಗಸಾಗಿತ್ತು ಎಂದಷ್ಟೇ ಹೇಳಿ ಡಿಕನ್ಸ್ ಮುಂದೆ ಹೋಗುತ್ತಾನೆ. ಈ ಸಲ ಅವನ ಉತ್ತರ ಎಲ್ಲರಿಗೂ ಕೇಳಿಸಿರಬೇಕು.

ಇನ್ನು ನಮ್ಮ ಕಾಲದ ಆಟಗಳಿಗೆ ಬರೋಣ. ಮೊದಲನೆಯದು ಮ್ಯೂಸಿಕಲ್ ಚೇರ್. ನಮ್ಮ ಶಾಲೆಗಳ ವಾರ್ಷಿಕೋತ್ಸವದಿಂದ ಹಿಡಿದು ಮಹಿಳಾ ಸಮಾಜದವರೆಗೆ ಎಲ್ಲರಿಗೂ ಗೊತ್ತಿರುವುದೇ. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಜೆರುಸಲೇಮಿಗೆ ಪ್ರಯಾಣ’ ಎಂಬ ಹೆಸರಿದೆ. ಹೆಸರೇನೋ ಪುಣ್ಯಯಾತ್ರೆಯದು, ನಡೆಯುವುದು ಮಾತ್ರ ಸೀಟಿನ ಜಗಳ. ಸ್ವಲ್ಪ ಲೆಕ್ಕ ಹಾಕಿ. ಇಪ್ಪತ್ತು ಜನ, ಹತ್ತೊಂಬತ್ತು ಕುರ್ಚಿ. ಸುತ್ತಿಗೊಬ್ಬರಂತೆ ಹೊರಗೆ ಹೋದರೆ ಆಟ ಮುಗಿಯಲು ಹತ್ತೊಂಬತ್ತು ಸುತ್ತು ಬೇಕು. ಮೊದಲು ಔಟಾದವರು ಇನ್ನು ಹದಿನೆಂಟು ಸುತ್ತು ಗೋಡೆಗೆ ಒರಗಿ ಚಪ್ಪಾಳೆ ತಟ್ಟಬೇಕು. ಮೊದಲು ಔಟಾಗುವವರು ಯಾರು? ಮಂಡಿ ನೋವಿನವರು, ಸೀರೆಯುಟ್ಟವರು, ಇನ್ನೊಬ್ಬರನ್ನು ತಳ್ಳಲು ಸಂಕೋಚಪಡುವವರು. ಕೊನೆಗೆ ಉಳಿಯುವವರು ನೂಕುವುದರಲ್ಲಿ ನಿಸ್ಸೀಮರಾದ ಇಬ್ಬರು. ಅವರಿಗೆ ಬಹುಮಾನ ಬೇರೆ.

ಇದರಲ್ಲಿ ನಮ್ಮ ಕಣ್ಣಿಗೆ ಬೀಳದ ಇನ್ನೊಬ್ಬ ಆಟಗಾರ ಇದ್ದಾನೆ: ಸುತ್ತಿಗೊಂದು ಕುರ್ಚಿ ತೆಗೆಯುವವನು. ಅಂಧೇರಿಯ ಒಂದು ಆಫೀಸಿನ ಪಾರ್ಟಿಯಲ್ಲಿ ಈ ಕೆಲಸಕ್ಕೆ ಗುತ್ತಿಗೆಯ ಹೌಸ್‌ಕೀಪಿಂಗ್ ಹುಡುಗನೊಬ್ಬನನ್ನು ನಿಲ್ಲಿಸಿದ್ದರು. ಕುರ್ಚಿಯ ಕಾಲು ಬೆರಳಿಗೆ ಬಡಿದಾಗ ಅವನ ಬಾಯಿಂದ ಬಂದ ‘ಯವ್ವಾ’ ಕೇಳಿ ನನ್ನ ಕಿವಿ ನೆಟ್ಟಗಾಯಿತು.

‘ಯಾವ ಊರಪ್ಪಾ?’ ಅಂದೆ.

‘ಆಳಂದ ಹತ್ರ ರೀ ಸರ, ಕಲಬುರ್ಗಿ ಜಿಲ್ಲಾ.’

‘ನೀನೂ ಒಂದು ಸುತ್ತು ಆಡಬಹುದಿತ್ತಲ್ಲ?’

ನಕ್ಕುಬಿಟ್ಟ. ‘ನಾ ಆಡಾಕ್ ನಿಂತ್ರ ಕುರ್ಚಿ ಯಾರ್ ತಗೀಬೇಕ್ರಿ?’

ಅರ್ಧ ಗಂಟೆ ಆದಮೇಲೆ ಅವನಿಗೇ ಕೆಂಪು ಅಂಗಿ, ಹತ್ತಿಯ ಗಡ್ಡ ಹಾಕಿಸಿ ಸಾಂಟಾ ಮಾಡಿದರು. ಮುಂಬಯಿಯ ಡಿಸೆಂಬರಿನಲ್ಲಿ ಆ ಉಡುಪು ಎಂಥ ಬೇಗೆ ಅನ್ನುವುದು ಹಾಕಿದವರಿಗೇ ಗೊತ್ತು. ಎಲ್ಲರೂ ಅವನ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡರು. ಮಾರನೆಯ ದಿನ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬಂದ ಫೋಟೋಗಳಲ್ಲಿ ಅತಿ ಹೆಚ್ಚು ಸಲ ಇದ್ದವನು ಅವನೇ. ಕೆಳಗೆ ಬರೆದ ಹೆಸರುಗಳಲ್ಲಿ ಮಾತ್ರ ಅವನದು ಇರಲಿಲ್ಲ. ಮ್ಯೂಸಿಕಲ್ ಚೇರ್ ಕೆಟ್ಟ ಆಟ ಅಂತ ನಾನು ಹೇಳುವುದು ಬರೀ ನೂಕಾಟಕ್ಕಾಗಿ ಅಲ್ಲ. ಅದು ಮೊದಲ ನಿಮಿಷದಿಂದಲೇ ಜನರನ್ನು ಹೊರಗೆ ಕಳಿಸುವ ಯಂತ್ರ. ಹೊರಗೆ ಕಳಿಸುವ ಕೆಲಸಕ್ಕೂ, ಮೊದಲೇ ಹೊರಗಿರುವ ಒಬ್ಬನನ್ನು ಇಡುತ್ತದೆ.

ಇದನ್ನು ಸರಿಮಾಡುವ ದಾರಿಯೂ ಇದೆ. ಕೆಲವು ಕಡೆ ಮಕ್ಕಳಿಗೆ ಆಡಿಸುತ್ತಾರೆ: ಕುರ್ಚಿ ಕಡಿಮೆಯಾಗುತ್ತದೆ, ಜನ ಕಡಿಮೆಯಾಗುವುದಿಲ್ಲ. ಸಂಗೀತ ನಿಂತಾಗ ಉಳಿದಷ್ಟು ಕುರ್ಚಿಗಳಲ್ಲೇ ಎಲ್ಲರೂ ಹೇಗಾದರೂ ಆತುಕೊಳ್ಳಬೇಕು, ಒಬ್ಬರು ನೆಲಕ್ಕಿಳಿದರೂ ಎಲ್ಲರೂ ಸೋತಂತೆ. ಮುಂಬಯಿಯವರಿಗೆ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಇಲ್ಲಿನ ಲೋಕಲ್ ರೈಲಿನಲ್ಲಿ ಮೂವರ ಬೆಂಚಿನ ತುದಿಗೆ ‘ಚೌಥಿ ಸೀಟ್’ ಎಂಬುದೊಂದಿದೆ. ನಾಲ್ಕನೆಯವನು ಬಂದು ‘ಥೋಡಾ ಸರಕ್‌ನಾ’ ಅಂದರೆ ಮೂವರೂ ಗೊಣಗುತ್ತಲೇ ಸರಿಯುತ್ತಾರೆ. ಅವನಿಗೆ ಸಿಗುವುದು ಅರ್ಧ ಸೀಟು. ಆದರೂ ವಿರಾರ್‌ವರೆಗೆ ನಿಲ್ಲುವುದು ತಪ್ಪಿತಲ್ಲ! ಬೆಳಿಗ್ಗೆ ರೈಲಿನಲ್ಲಿ ಈ ಆಟ ಆಡಿ ಬಂದವರೇ ಸಂಜೆ ಪಾರ್ಟಿಯಲ್ಲಿ ಒಬ್ಬರನ್ನೊಬ್ಬರು ಕುರ್ಚಿಯಿಂದ ನೂಕುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಎರಡನೆಯದು ಪಾರ್ಸೆಲ್ ದಾಟಿಸುವ ಆಟ. ಸುತ್ತಲೂ ಕೂತು ಪೊಟ್ಟಣವನ್ನು ಕೈಯಿಂದ ಕೈಗೆ ಕೊಡುತ್ತಾರೆ, ಹಾಡು ನಿಂತಾಗ ಯಾರ ಕೈಯಲ್ಲಿದೆಯೋ ಅವರು ಚೀಟಿ ಎತ್ತಿ ಅದರಲ್ಲಿ ಬರೆದದ್ದನ್ನು ಮಾಡಬೇಕು. ಇದರ ಒಳ್ಳೆಯದು ಕೆಟ್ಟದ್ದೆಲ್ಲ ಚೀಟಿ ಬರೆದವರ ಕೈಯಲ್ಲಿದೆ. ‘ನಿಮ್ಮ ಊರಿನ ಬಸ್ ಸ್ಟ್ಯಾಂಡಿನ ಹೆಸರು ಹೇಳಿ’, ‘ನಿಮ್ಮ ಭಾಷೆಯಲ್ಲಿ ಬೆಕ್ಕನ್ನು ಹೇಗೆ ಕರೀತಾರೆ’ ಎಂದು ಬರೆದರೆ ಕೂತಲ್ಲೇ ದೇಶ ಸುತ್ತಬಹುದು. ‘ಹೆಂಡತಿಗೆ ಮಂಡಿಯೂರಿ ಹೂ ಕೊಡಿ’, ‘ಐಟಂ ಹಾಡಿಗೆ ಕುಣಿಯಿರಿ’ ಅಂತ ಬರೆದರೆ ಹೊಸದಾಗಿ ಮದುವೆಯಾಗಿ ಧಾರವಾಡದಿಂದ ಬಂದ ಹುಡುಗಿ ಮುಂದಿನ ವರ್ಷ ತಲೆನೋವು ಅಂತ ಮನೆಯಲ್ಲೇ ಉಳಿಯುತ್ತಾಳೆ. ಡಿಕನ್ಸನ ಕಾಲದಲ್ಲೂ ದಂಡದ ಆಟ ಇತ್ತು. ದಂಡ ಸಲೀಸಾಗಿ ನಗುವಂಥದ್ದಾಗಿರಬೇಕು, ಮಾನ ಹಿಂಡುವಂಥದ್ದಾಗಬಾರದು. ಚೀಟಿ ಬರೆಯುವವರು ಮೊದಲು ತಮ್ಮ ತಾಯಿ ಆ ಚೀಟಿ ಎತ್ತಿದರೆ ಹೇಗೆ ಅಂತ ಯೋಚಿಸಿದರೆ ಸಾಕು.

ಮೂರನೆಯದು ಅಂತ್ಯಾಕ್ಷರಿ ಮತ್ತು ಅದರ ಮೂಕ ತಂಗಿ ಡಂಬ್ ಶರಾಡ್ಸ್. ಮುಂಬಯಿ, ಪುಣೆ, ದಿಲ್ಲಿ ಎಲ್ಲಿ ಹೋದರೂ ಈ ಎರಡು ತಪ್ಪುವುದಿಲ್ಲ. ಅಂತ್ಯಾಕ್ಷರಿ ನಮ್ಮದೂ ಹೌದು. ಶಾಲೆಯಲ್ಲಿ ಪದ್ಯ ಹೇಳಿ ಆಡುತ್ತಿದ್ದೆವು. 1993ರಲ್ಲಿ ಝೀ ಟಿವಿಯಲ್ಲಿ ಕಾರ್ಯಕ್ರಮವಾಗಿ ಬಂದ ಮೇಲೆ ಅದು ಪೂರ್ತಿ ಹಿಂದಿ ಸಿನಿಮಾದ ಸೊತ್ತಾಯಿತು. ಹಿಂದಿ ಹಾಡುಗಳ ಜೊತೆ ಬೆಳೆದವರಿಗೆ ಇದರಷ್ಟು ಸುಲಭದ ಸಂತೋಷ ಇನ್ನೊಂದಿಲ್ಲ, ಅದನ್ನು ಹೀಗಳೆಯುವುದಿಲ್ಲ. ಆದರೆ ಕ್ರಿಸ್‌ಮಸ್ ಪಾರ್ಟಿಯಲ್ಲಿ ಒಂದು ತಮಾಷೆ ಗಮನಿಸಿದ್ದೇನೆ. ಹಬ್ಬ ಯಾರದೋ ಆ ಹಿರಿಯರೇ, ಜಿಮ್ ರೀವ್ಸ್‌ನ ಹಾಡು, ಕೊಂಕಣಿ ಹಾಡು ಬಾಯಿಪಾಠ ಇರುವವರೇ, ತಮ್ಮ ಹಬ್ಬದ ದಿನ ತಮ್ಮ ಮನೆಯಲ್ಲೇ ಲೆಕ್ಕಕ್ಕಿಲ್ಲದವರಾಗಿ ಸೋಫಾದ ಮೂಲೆಯಲ್ಲಿ ಕೂತಿರುತ್ತಾರೆ. ಡಂಬ್ ಶರಾಡ್ಸ್ ಇನ್ನೂ ಮೋಸ. ಮಾತೇ ಇಲ್ಲದ ಆಟ, ಯಾರು ಬೇಕಾದರೂ ಆಡಬಹುದು ಅನ್ನಿಸುತ್ತದೆ. ಕೈಸನ್ನೆ ನೋಡಿ ಹೇಳಬೇಕಾದದ್ದು ಮಾತ್ರ ಹಿಂದಿ ಸಿನಿಮಾದ ಹೆಸರು. ಸಿನಿಮಾದ ಬದಲು ಎಲ್ಲರೂ ದಿನಾ ನೋಡುವುದನ್ನು ಕೊಟ್ಟು ನೋಡಿ: ಲೋಕಲ್ ರೈಲು ಹತ್ತುವುದು, ಡಬ್ಬಾವಾಲಾ, ಮಳೆಗಾಲದ ಛತ್ರಿ, ನೀರಿನ ಟ್ಯಾಂಕರ್. ಆಗ ಗೆಲ್ಲುವವರ ಪಟ್ಟಿಯೇ ಬದಲಾಗುತ್ತದೆ.

ನಾಲ್ಕನೆಯದು ಸೀಕ್ರೆಟ್ ಸಾಂಟಾ. ಚೀಟಿಯಲ್ಲಿ ಒಬ್ಬರ ಹೆಸರು ಬರುತ್ತದೆ, ಅವರಿಗೆ ಗುಟ್ಟಾಗಿ ಉಡುಗೊರೆ ಕೊಡಬೇಕು. ಇನ್ನೂರೋ ಮುನ್ನೂರೋ ರೂಪಾಯಿಯ ಮಿತಿ. ಈ ಆಟದಲ್ಲಿ ನನಗೆ ಇಷ್ಟವಾಗುವುದು ಚೀಟಿಯ ಸಮಾನತೆ. ಮ್ಯಾನೇಜರನ ಹೆಸರು ಹೊಸ ಹುಡುಗನಿಗೆ ಬರಬಹುದು, ಹೊಸ ಹುಡುಗನದು ಮ್ಯಾನೇಜರನಿಗೆ ಬರಬಹುದು. ಆದರೆ ಆಟ ನಡೆಯುವುದು ಎರಡೇ ನಿಮಿಷ. ಅಂಗಡಿಯಲ್ಲಿ ಒಂದು ಮಗ್ಗು ಕೊಂಡರೆ ಮುಗಿಯಿತು. ಪಡೆದವನ ಬಗ್ಗೆ ಏನೂ ತಿಳಿದಿರಬೇಕಾಗಿಲ್ಲ. ಎಷ್ಟೋ ಮನೆಗಳ ಅಟ್ಟದ ಮೇಲೆ ಇಂಥ ಮಗ್ಗುಗಳು ಮುಂದಿನ ಡಿಸೆಂಬರಿಗೆ ಕಾಯುತ್ತಿರುತ್ತವೆ.

ಇದೇ ಆಟದ ಇನ್ನೊಂದು ರೂಪ ಚೆನ್ನೈನಲ್ಲಿದೆ. ಅಲ್ಲಿನ ಹಾಸ್ಟೆಲು, ಕಾಲೇಜು, ಆಫೀಸುಗಳಲ್ಲಿ ಅದನ್ನು ‘ಕ್ರಿಸ್ ಮಾಮ್, ಕ್ರಿಸ್ ಚೈಲ್ಡ್’ ಎನ್ನುತ್ತಾರೆ. ಚೀಟಿ ಎತ್ತಿದವರು ಅಮ್ಮ, ಚೀಟಿಯಲ್ಲಿ ಹೆಸರಿದ್ದವರು ಮಗು. ಅಮ್ಮ ಯಾರೆಂದು ಮಗುವಿಗೆ ಗೊತ್ತಿರುವುದಿಲ್ಲ. ಹಬ್ಬದ ಮುಂಚಿನ ದಿನಗಳಲ್ಲಿ ಅಮ್ಮ ಚೀಟಿ ಕಳಿಸಿ ಮಗುವಿನಿಂದ ಏನೇನೋ ಕೆಲಸ ಮಾಡಿಸುತ್ತಾಳೆ, ನಡುನಡುವೆ ತಿಂಡಿಯೂ ಬರುತ್ತದೆ, ಕೊನೆಯ ದಿನ ಗುಟ್ಟು ಬಿಡಿಸುತ್ತಾರೆ. ಇದು ರ‍್ಯಾಗಿಂಗ್ ಆಗಿಬಿಡುವ ಅಪಾಯ ಇದ್ದೇ ಇದೆ. ಆದರೆ ಒಳ್ಳೆಯ ಅಮ್ಮ ಸಿಕ್ಕರೆ? ಅಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗಳು ಆ ಹಾಸ್ಟೆಲಿನಲ್ಲಿ ಒಬ್ಬಳೇ ಕನ್ನಡದವಳು. ಅವಳಿಗೆ ಬಂದ ಆಜ್ಞೆ: ದಿನಾ ರಾತ್ರಿ ಊಟದ ಟೇಬಲ್ಲಿಗೆ ಒಂದು ಕನ್ನಡ ಪದ ಕಲಿಸಬೇಕು. ಮೊದಲ ದಿನ ‘ಸಾಕು’. ಬಡಿಸುವ ಅಕ್ಕ ಮೊದಲು ಕಲಿತಳು. ಆಮೇಲೆ ‘ಇನ್ನೂ ಸ್ವಲ್ಪ’, ‘ಚೆನ್ನಾಗಿದೆ’, ‘ನಾಳೆ’. ಹತ್ತು ದಿನಕ್ಕೆ ಹತ್ತು ಪದ. ‘ಮಾಮಾ, ನನ್ನ ತಮಿಳು ಕೇಳಿ ನಗ್ತಿದ್ದವರೇ ನನ್ನ ಹತ್ರ ಉಚ್ಚಾರಣೆ ಸರಿ ಇದ್ಯಾ ಅಂತ ಕೇಳೋಕೆ ಶುರು ಮಾಡಿದ್ರು’ ಅಂತ ಅವಳು ಫೋನಿನಲ್ಲಿ ಹೇಳಿದಾಗಿನ ದನಿ ನನಗೆ ಇನ್ನೂ ನೆನಪಿದೆ. ಉಡುಗೊರೆ ಎಂದು ಕೊನೆಯ ದಿನ ಏನು ಸಿಕ್ಕಿತೋ ಅವಳಿಗೇ ಮರೆತುಹೋಗಿದೆ.

ಐದನೆಯದಕ್ಕೆ ಬರೋಣ. ಜಾಣರು ಮೂಗು ಮುರಿಯುವ, ಮುಂಬಯಿಯ ಕ್ರೈಸ್ತರು ಪ್ರಾಣ ಬಿಡುವ ಆಟ: ಹೌಸಿ. ನಮ್ಮಲ್ಲಿ ತಂಬೋಲಾ ಎಂದರೆ ಹೆಚ್ಚು ಜನಕ್ಕೆ ತಿಳಿದೀತು. ಟಿಕೆಟಿನಲ್ಲಿ ಮೂರು ಸಾಲು, ಒಂಬತ್ತು ಕಂಬ. ಸಾಲಿಗೆ ಐದರಂತೆ ಹದಿನೈದು ಸಂಖ್ಯೆ. ಮೊದಲ ಕಂಬದಲ್ಲಿ 1ರಿಂದ 9, ಕೊನೆಯದರಲ್ಲಿ 80ರಿಂದ 90. ಒಬ್ಬರು ಡಬ್ಬಿಯಿಂದ ಸಂಖ್ಯೆ ತೆಗೆದು ಕೂಗುತ್ತಾರೆ, ಉಳಿದವರು ಹೊಡೆಯುತ್ತಾರೆ. ಮೊದಲು ಐದು ಹೊಡೆದವರಿಗೆ ‘ಜಲ್ದಿ ಫೈವ್’, ಆಮೇಲೆ ಒಂದೊಂದು ಸಾಲಿಗೆ, ನಾಲ್ಕು ಮೂಲೆಗೆ, ಕೊನೆಗೆ ಫುಲ್ ಹೌಸ್. ಸುಳ್ಳು ಕ್ಲೇಮ್ ಮಾಡಿದರೆ ಟಿಕೆಟ್ ರದ್ದು.

ಇದರಲ್ಲಿ ಬುದ್ಧಿಗೆ ಕೆಲಸವಿಲ್ಲ, ಬರೀ ಅದೃಷ್ಟ ಎಂಬುದು ಸಾಮಾನ್ಯ ಆಕ್ಷೇಪ. ನಾನು ಅದನ್ನೇ ಅದರ ಗುಣ ಎನ್ನುತ್ತೇನೆ. ಓದಿದವನಿಗೆ ಹೆಚ್ಚಿಲ್ಲ, ಓದದವನಿಗೆ ಕಡಿಮೆಯಿಲ್ಲ. ಕಾಲು ನೋವಿನವರು ಕೂತಲ್ಲೇ ಆಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಫುಲ್ ಹೌಸ್ ಆಗುವವರೆಗೆ ಇಲ್ಲಿ ಯಾರೂ ಔಟಾಗುವುದಿಲ್ಲ. ಮೇಲಿನ ಸಾಲು ಹೋದರೆ ಕೆಳಗಿನ ಸಾಲಿದೆ, ಅದೂ ಹೋದರೆ ಇನ್ನೊಂದಿದೆ. ತೀರ್ಥಹಳ್ಳಿ ಕಡೆಯಿಂದ ಬಂದು ನಮ್ಮ ಜೊತೆ ಒಂದು ಚಳಿಗಾಲ ಇದ್ದ ನನ್ನ ಅಮ್ಮನಿಗೆ ಹಿಂದಿ, ಮರಾಠಿ, ಇಂಗ್ಲಿಷ್ ಯಾವುದೂ ಬಾರದು. ಸೊಸೈಟಿಯ ಪಾರ್ಟಿಗೆ ‘ನಾ ಬಂದು ಏನ್ ಮಾಡ್ಲಿ’ ಅಂತ ಹಿಂಜರಿಯುತ್ತಿದ್ದಳು. ಕೆಳಮನೆಯ ಮೂಡಬಿದಿರೆಯ ಆಂಟಿ ಕೈ ಹಿಡಿದು ಕೂರಿಸಿದರು: ‘ನೀವು ಬನ್ನಿ ಮಾರಾಯ್ರೆ, ನಂಬರಿಗೆ ಭಾಷೆ ಉಂಟಾ?’ ಅವತ್ತು ಅವರು ಪ್ರತಿ ಸಂಖ್ಯೆಯನ್ನೂ ಮೊದಲು ಇಂಗ್ಲಿಷಿನಲ್ಲಿ, ಕೂಡಲೇ ಕನ್ನಡದಲ್ಲಿ ಕೂಗಿದರು. ಗುಜರಾತಿ ಮನೆಯವರು ತಮ್ಮ ಭಾಷೆಯಲ್ಲೂ ಬೇಕು ಅಂತ ಗಲಾಟೆ ಮಾಡಿದರು, ಅದೂ ಆಯಿತು. ಅಮ್ಮನಿಗೆ ಕೆಳಸಾಲು ಬಂತು. ಮೂರು ಪ್ಲಾಸ್ಟಿಕ್ ಡಬ್ಬಿಗಳ ಬಹುಮಾನ. ಅವು ಈಗಲೂ ಊರಿನ ಮನೆಯಲ್ಲಿ ಮೆಂತ್ಯ, ಸಾಸಿವೆ ತುಂಬಿಕೊಂಡು ಕೂತಿವೆ.

ಈ ಆಟಕ್ಕೂ ಕ್ರಿಸ್‌ಮಸ್‌ಗೂ ಇರುವ ನಂಟು ಹಳೆಯದು. ಇಟಲಿಯ ನೇಪಲ್ಸ್ ನಗರದಲ್ಲಿ ತೊಂಬೊಲಾ ಇವತ್ತಿಗೂ ಕ್ರಿಸ್‌ಮಸ್ ಸಮಯದ ಮನೆಯಾಟ. 1734ರಲ್ಲಿ ಅಲ್ಲಿನ ರಾಜನಿಗೂ ಒಬ್ಬ ಪಾದ್ರಿಗೂ ಲಾಟರಿಯ ವಿಷಯದಲ್ಲಿ ಜಟಾಪಟಿಯಾಗಿ, ಕ್ರಿಸ್‌ಮಸ್ ವಾರದಲ್ಲಿ ಲಾಟರಿ ನಿಲ್ಲಿಸಬೇಕೆಂದು ತೀರ್ಮಾನವಾಯಿತಂತೆ. ಜನ ಅದನ್ನೇ ಮನೆಯೊಳಗೆ ತಂದು ಆಡಿದರು ಎಂಬುದು ಅಲ್ಲಿನವರು ಹೇಳುವ ಕತೆ. ಬ್ರಿಟಿಷ್ ಸೈನಿಕರ ಬಾಯಲ್ಲಿ ಇದೇ ಬಗೆಯ ಆಟ ‘ಹೌಸಿ ಹೌಸಿ’. ನೇಪಲ್ಸಿನಲ್ಲಿ ಪ್ರತಿ ಸಂಖ್ಯೆಗೂ ಒಂದು ಅರ್ಥವಿದೆ: 25 ಕ್ರಿಸ್‌ಮಸ್, 33 ಕ್ರಿಸ್ತನ ವಯಸ್ಸು, 22 ಹುಚ್ಚ, 90 ಭಯ. ಇಂಗ್ಲಿಷಿನವರು 22ಕ್ಕೆ ಎರಡು ಬಾತುಕೋಳಿ, 88ಕ್ಕೆ ಇಬ್ಬರು ದಪ್ಪ ಹೆಂಗಸರು ಎನ್ನುತ್ತಾರೆ. ನಮ್ಮ ಕ್ಲಬ್ಬುಗಳಲ್ಲಿ ಕೂಗುವುದೂ ಇವನ್ನೇ.

ಅದನ್ನೇ ಏಕೆ ಕೂಗಬೇಕು? ನಮ್ಮಲ್ಲಿ ಸಂಖ್ಯೆಗಳಿಗೇನು ಬರಗಾಲವೇ! ಐದು ಎಂದರೆ ಪಾಂಡವರು. ಹನ್ನೆರಡು ರಾಶಿ, ಹದಿನಾಲ್ಕು ವನವಾಸ, ಹದಿನೆಂಟು ಪರ್ವ, ಇಪ್ಪತ್ತೇಳು ನಕ್ಷತ್ರ, ಮೂವತ್ತೆರಡು ಹಲ್ಲು, ಅರವತ್ತಮೂರು ಪುರಾತನರು, ಅರವತ್ತನಾಲ್ಕು ವಿದ್ಯೆ. ಐವತ್ತಾರು ಎಂದರೆ ಹರಿದು ಹಂಚಿದ್ದ ಕನ್ನಡ ಸೀಮೆ ಒಂದು ರಾಜ್ಯವಾದ ವರ್ಷ, ಎಪ್ಪತ್ತಮೂರು ಅದಕ್ಕೆ ಕರ್ನಾಟಕ ಎಂಬ ಹೆಸರು ಬಂದ ವರ್ಷ. ನಮ್ಮ ಆಂಟಿಗೆ ಈ ಪಟ್ಟಿ ಬರೆದುಕೊಟ್ಟಿದ್ದೆ. ಅವರು ಕ್ರಿಸ್ತನ ಹನ್ನೆರಡು ಶಿಷ್ಯರನ್ನು ಬಿಟ್ಟುಕೊಡಲು ಒಪ್ಪದೆ, ಹನ್ನೆರಡಕ್ಕೆ ಶಿಷ್ಯರನ್ನೂ ರಾಶಿಯನ್ನೂ ಒಟ್ಟಿಗೆ ಕೂಗುತ್ತಾರೆ. ಮಕ್ಕಳು ಈಗ ಸಂಖ್ಯೆಗಿಂತ ಮೊದಲು ಅರ್ಥ ಕೂಗುತ್ತವೆ.

ಹೌಸಿಯ ದೋಷಗಳನ್ನೂ ಹೇಳಬೇಕು. ಕೂಗುವವರು ಆತುರಗಾರರಾದರೆ ವಯಸ್ಸಾದವರ ಕೈಗೆ ಸಂಖ್ಯೆ ಸಿಗುವುದಿಲ್ಲ. ಟಿಕೆಟಿನ ಬೆಲೆ ಏರಿದರೆ ಅದು ಜೂಜೇ. ಒಂದು ಗಂಟೆ ದಾಟಿದರೆ ಬೇಸರ. 2020ರ ಡಿಸೆಂಬರಿನಲ್ಲಿ ಕೊರೊನಾ ಕಾಲಕ್ಕೆ ಎಲ್ಲರೂ ಮನೆಯಲ್ಲೇ ಕೂತು ಝೂಮ್‌ನಲ್ಲಿ ಹೌಸಿ ಆಡಿದೆವು. ಊರಲ್ಲಿದ್ದ ಅಮ್ಮನೂ ಸೇರಿಕೊಂಡಳು, ಅದು ಸಂತೋಷ. ಆದರೆ ಅವಳ ‘ಬಂತು ಬಂತು’ ಮುಂಬಯಿಗೆ ತಲುಪುವಷ್ಟರಲ್ಲಿ ಇನ್ನೂ ಎರಡು ಸಂಖ್ಯೆ ಆಗಿಹೋಗಿರುತ್ತಿತ್ತು. ಮಲೆನಾಡಿನ ನೆಟ್‌ವರ್ಕು ಅವಳನ್ನು ಪುನಃ ಲೆಕ್ಕಕ್ಕಿಲ್ಲದವಳನ್ನಾಗಿ ಮಾಡಿತು. ಆಮೇಲೆ ಅವಳ ಮುಖ ಕಂಡು ಕೈ ಎತ್ತುವವರೆಗೆ ಮುಂದಿನದನ್ನು ಕೂಗಬಾರದು ಎಂದು ನಿಯಮ ಮಾಡಬೇಕಾಯಿತು. ಈಗ ಸಂಖ್ಯೆಯನ್ನು ತಾನೇ ಹೊಡೆದುಕೊಳ್ಳುವ ಆ್ಯಪುಗಳೂ ಇವೆ. ಅದರಲ್ಲಿ ಮನುಷ್ಯ ಯಾಕೆ ಬೇಕು ಅನ್ನುವುದು ನನಗೆ ತಿಳಿಯದು.

ಕೊನೆಯದಾಗಿ, ಆಟ ಅಂತ ಯಾರೂ ಕರೆಯದ ಒಂದು ಆಟ. ಮಂಗಳೂರು ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆ ಮೊದಲು ‘ಕುಸ್ವಾರ್’ ಮಾಡುತ್ತಾರೆ. ನೆವ್ರ್ಯೊ ಅಂದರೆ ನಮ್ಮ ಕರ್ಜಿಕಾಯಿಯ ಬಳಗ, ಗುಳಿಯೊ, ಚಕ್ಕುಲಿ, ಜೊತೆಗೆ ಕಿಡ್ಯೊ. ಕಿಡ್ಯೊ ಅಂದರೆ ಹುಳುಗಳು. ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಮೇಲೋ ಫೋರ್ಕಿನ ಹಿಂಬದಿಗೋ ಒತ್ತಿ ಸುರುಳಿ ಮಾಡಿ, ಕರಿದು, ಸಕ್ಕರೆ ಪಾಕ ಸುರಿದರೆ ಆಯಿತು. ಒಬ್ಬರೇ ಮಾಡಿದರೆ ಸೊಂಟ ಬಿದ್ದುಹೋಗುವ ಕೆಲಸ. ಹಾಗಾಗಿ ಮನೆಯವರು, ಪಕ್ಕದವರು, ಶಾಲೆಯಿಂದ ಬಂದ ಮಕ್ಕಳು ಎಲ್ಲರೂ ಟೇಬಲ್ಲಿನ ಸುತ್ತ ಕೂರುತ್ತಾರೆ. ಇಲ್ಲಿ ಸಂಗೀತ ನಿಲ್ಲುವುದಿಲ್ಲ, ಬಹುಮಾನವಿಲ್ಲ, ಸೊಟ್ಟಗೆ ಬಂದ ಹುಳುವಿಗೂ ಎಣ್ಣೆಯಲ್ಲಿ ಜಾಗವಿದೆ. ‘ಇದು ಯಾರದ್ದು, ಹಾವಿನ ಹಾಗೆ ಉಂಟಲ್ಲ’ ಅಂತ ನಗುವುದೂ ಇದೆ. ಕೈಗೆ ಕೆಲಸ ಇದ್ದಾಗ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. ಈ ನಗರದಲ್ಲಿ ನನಗೆ ಸಿಕ್ಕ ಗೆಳೆತನಗಳಲ್ಲಿ ಪಾರ್ಟಿಯ ದಿನ ಹುಟ್ಟಿದ್ದು ಕಡಿಮೆ. ಪಾರ್ಟಿಗೆ ಒಂದು ವಾರ ಮೊದಲು ಹಿಟ್ಟು ಹೊಸೆಯುತ್ತ ಹುಟ್ಟಿದ್ದೇ ಹೆಚ್ಚು. ಆಟಗಳ ಪಟ್ಟಿ ಮಾಡುವವರು ಇದನ್ನು ಮೊದಲ ಸಾಲಿನಲ್ಲಿ ಬರೆಯಬೇಕು ಅಂತ ನನ್ನ ಶಿಫಾರಸು.

ಇಷ್ಟೆಲ್ಲ ಹೇಳಿದ್ದು ಹೊರನಾಡಿನವರ ಗೋಳು ಅಂತ ಊರಿನವರು ಪಕ್ಕಕ್ಕಿಡಬಾರದು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಡಿಸೆಂಬರಿಗೆ ಪಾರ್ಟಿ ಇದೆ, ನವೆಂಬರಿಗೆ ರಾಜ್ಯೋತ್ಸವ ಇದೆ, ಎರಡರಲ್ಲೂ ಮ್ಯೂಸಿಕಲ್ ಚೇರ್ ಇದೆ. ಅಲ್ಲಿ ಅತಿಥೇಯರು ನೀವು. ಗೇಟಿನಲ್ಲಿ ಒಡಿಶಾದಿಂದಲೋ ಅಸ್ಸಾಮಿನಿಂದಲೋ ಬಂದ ಕಾವಲಿನ ಹುಡುಗ ಇರಬಹುದು, ಮೂರನೆಯ ಮಹಡಿಯಲ್ಲಿ ಮಗನ ಮನೆಗೆಂದು ಬಂದು ಕನ್ನಡ, ಇಂಗ್ಲಿಷ್ ಎರಡೂ ಬಾರದ ಬಂಗಾಳಿ ಅಜ್ಜಿ ಇರಬಹುದು. ಅವರಿಗೆ ಕನ್ನಡ ಕಲಿಸುವ ಆಸೆ ಇದ್ದರೆ ಭಾಷಣಕ್ಕಿಂತ ಒಂದು ಹೌಸಿ ಟಿಕೆಟ್ ಒಳ್ಳೆಯ ಆರಂಭ. ಸಂಖ್ಯೆಯನ್ನು ಕನ್ನಡದಲ್ಲಿ ಕೂಗಿ, ಜೊತೆಗೆ ಅವರಿಗೆ ತಿಳಿಯುವ ಇನ್ನೊಂದು ಭಾಷೆಯಲ್ಲೂ ಕೂಗಿ, ಅವರು ಹೊಡೆಯುವವರೆಗೆ ಕಾಯಿರಿ. ಮ್ಯೂಸಿಕಲ್ ಚೇರ್ ಆಡಲೇಬೇಕೆಂದಿದ್ದರೆ, ಸುತ್ತಿಗೊಬ್ಬರಂತೆ ಔಟಾದವರೇ ಮುಂದಿನ ಕುರ್ಚಿ ತೆಗೆಯಲಿ. ಕುರ್ಚಿ ತೆಗೆಯಲು ಕರೆಸಿದ ಹುಡುಗ ಒಳಗೆ ಬಂದು ಆಡಲಿ. ಅವನ ಹೆಸರು ಕೇಳಿಕೊಂಡು, ಫೋಟೋದ ಕೆಳಗೆ ಅದನ್ನೂ ಬರೆಯಿರಿ.